ತಮ್ಮನಿಗೆ ಬಾಯಾದವಳು

ನಮ್ಮೂರಲ್ಲಿ ಮದ್ದು ನುಂಗಿದವರಿಗೆ ಆ ಮದ್ದಿನ ಹೆಸರು ಹೇಳಲು ಬರುವುದಿಲ್ಲ. ಹೊಸದಾಗಿ ಊರಿಗೆ ಬಂದವರು ಇದನ್ನು ಕೇಳಿ ನಗುತ್ತಾರೆ. ಆಮೇಲೆ ಒಂದು ದಿನ ತಲೆನೋವಿಗೆ ಏನೋ ನುಂಗಿ, ಏನು ನುಂಗಿದೆ ಅಂತ ಹೆಂಡತಿಗೆ ಹೇಳಲು ಹೋಗಿ ಬಾಯಿ ತೆರೆದುಕೊಂಡು ನಿಂತುಬಿಡುತ್ತಾರೆ. ಬರೆಯಲು ಹೋದರೆ ಬೆರಳು ಮರಗಟ್ಟುತ್ತದೆ. ಮಾತ್ರೆಯ ಚೀಟಿಯನ್ನೇ ಮುಂದೆ ಹಿಡಿದರೆ ಕಣ್ಣು ಬೇರೆ ಕಡೆ ಹೊರಳುತ್ತದೆ. ಹೌದೋ ಅಲ್ಲವೋ, ತಲೆಯನ್ನಾದರೂ ಆಡಿಸು ಮಾರಾಯ ಎಂದರೆ ಕತ್ತು ಗಟ್ಟಿಯಾಗಿ ಕೂತುಬಿಡುತ್ತದೆ. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ನಾನು ಹಿಟ್ಟಿನ ಗಿರಣಿ ನಡೆಸುವವಳು, ರಾಗಿ ನುಣ್ಣಗೆ ಬೇಕೋ ತರಿ ಬೇಕೋ ಅಷ್ಟು ಕೇಳಿ ಸಾಕು.

ಹಾಗಾಗಿ ಇಲ್ಲಿ ಪ್ರತಿಯೊಬ್ಬರಿಗೂ ಇನ್ನೊಬ್ಬರು ಬಾಯಾಗಿ ಇರುತ್ತಾರೆ. ಗಂಡನಿಗೆ ಹೆಂಡತಿ, ತಾಯಿಗೆ ಮಗಳು, ಯಾರೂ ಇಲ್ಲದವರಿಗೆ ಆಸ್ಪತ್ರೆಯ ಜಗಲಿಯಲ್ಲಿ ಕೂರುವ ಜವಾನ. ಬಾಯಾದವರು ಕಣ್ಣೆದುರಿಗೇ ಮಾತ್ರೆ ನುಂಗಿಸಬೇಕು, ನಾಲಿಗೆ ಎತ್ತಿಸಿ ನೋಡಬೇಕು, ಡಾಕ್ಟರು ಕೇಳಿದಾಗ ಎಲ್ಲವನ್ನೂ ಹೇಳಬೇಕು. ಒಬ್ಬರಿಗೆ ಒಂದೇ ಬಾಯಿ. ಗಂಡ ಕುಡಿದು ಬಂದರೆ ಬಾಯಿಮುಚ್ಚಿಕೊಂಡು ಸಹಿಸುವ ಹೆಂಗಸರೂ, ಅವನು ಇನ್ನೊಬ್ಬಳ ಎದುರಿಗೆ ಒಂದು ಜ್ವರದ ಮಾತ್ರೆ ನುಂಗಿದ ಎಂದು ತಿಳಿದರೆ ತವರಿಗೆ ಹೊರಟುಬಿಡುತ್ತಾರೆ. ಅಷ್ಟು ಮರ್ಯಾದೆಯ ವಿಷಯ ಅದು.

ಇದರಿಂದ ಒಂದು ಅನುಕೂಲವೂ ಇತ್ತು. ಯಾವುದು ಮದ್ದು, ಯಾವುದು ಅಡುಗೆ ಎಂದು ನಮ್ಮೂರಲ್ಲಿ ಜಗಳವೇ ಇಲ್ಲ. ಶುಂಠಿ ಕಷಾಯ ಕುಡಿದು ಶುಂಠಿ ಎನ್ನಲು ಬಂತೋ, ಅದು ಅಡುಗೆ. ಬರಲಿಲ್ಲವೋ, ಅದು ಮದ್ದು. ನಾಲಿಗೆ ಹೇಳಿತು ಎಂದರೆ ಮುಗಿಯಿತು, ಅದರ ಮೇಲೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಸ್ಪತ್ರೆಯವರೂ ಅಷ್ಟೇ.

ನಾನು ನನ್ನ ತಮ್ಮ ಪಾಲಾಕ್ಷನಿಗೆ ಬಾಯಾಗಿದ್ದೆ. ಅವನು ಮದುವೆಯಾಗಿರಲಿಲ್ಲ, ನನ್ನ ಗಂಡ ತೀರಿಕೊಂಡಿದ್ದರು, ಒಂದೇ ಮನೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾವ ಬಸ್ಸು ಯಾವ ಊರಿಗೆ ಎಂದು ಕೂಗುವುದು ಅವನ ಕೆಲಸ. ಎಂಥಾ ಗಂಟಲು ಅಂತೀರಿ! ಗಿರಣಿ ಓಡುತ್ತಿದ್ದರೂ ನನಗೆ ಅವನ ಕೂಗು ಕೇಳುತ್ತಿತ್ತು. ಕೆಲವು ವರ್ಷಗಳ ಹಿಂದೆ ಎದೆನೋವು ಬಂದು ಮಲಗಿದ ಮೇಲೆ, ರಕ್ತದಲ್ಲಿ ಕೊಬ್ಬು ಹೆಚ್ಚಿದೆ ಎಂದು ಒಂದು ಮಾತ್ರೆ ಹಾಕಿದರು. ಅದರ ಹೆಸರು ನನಗೆ ಹೇಳಲು ಬರುತ್ತದೆ, ಆದರೆ ಈಗ ಹೇಳಲು ಮನಸ್ಸಿಲ್ಲ. ಊಟವಾದ ಮೇಲೆ ಮಾತ್ರೆ ಕೊಡುತ್ತಿದ್ದೆ, ಅವನು ನುಂಗಿ, ನಾಲಿಗೆ ಎತ್ತಿ ತೋರಿಸಿ, ನನ್ನನ್ನು ಅಣಕಿಸಲು ಸ್ವಲ್ಪ ಹೊರಗೂ ಚಾಚುತ್ತಿದ್ದ. ಒಂದು ದಿನವೂ ತಪ್ಪಿಸಿದ್ದಿಲ್ಲ. ಅವನೂ ತಪ್ಪಿಸಲಿಲ್ಲ, ನಾನೂ ತಪ್ಪಿಸಲಿಲ್ಲ.

ಈಚೆಗೆ ಅವನು ಸಂಜೆ ಕೆಲಸ ಮುಗಿಸಿ ನೇರ ಮನೆಗೆ ಬರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ರವಿಕೆ ಹೊಲಿಯುವ ದಾಕ್ಷಾಯಿಣಿಯ ಮನೆಗೆ ಹೋಗಿ ಕೂರುತ್ತಿದ್ದ. ಗಂಡ ಸತ್ತವಳು, ಮಕ್ಕಳಿಲ್ಲ. ಹಿತ್ತಲಲ್ಲಿ ಒಂದು ಚಕ್ಕೋತದ ಮರ. ಇವನು ಬಂದು, "ಅಕ್ಕ, ಇವತ್ತು ದಾಕ್ಷಾಯಿಣಿ ಚಕ್ಕೋತ ಬಿಡಿಸಿ ಕೊಟ್ಲು ಕಣೆ. ತೊಳೆ ತೊಳೆ ಬಿಡಿಸಿ, ಸಿಪ್ಪೆ ಎಲ್ಲಾ ತೆಗೆದು, ಬೀಜಾನೂ ತೆಗೆದು" ಎಂದು ಹೇಳಿಕೊಳ್ಳುತ್ತಿದ್ದ. ನಲವತ್ತು ದಾಟಿದ ಗಂಡಸು! "ಬೀಜ ತೆಗೆದು ಕೊಡೋಕೆ ನೀನೇನು ಕೂಸೇನೋ?" ಎನ್ನುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೆ ಅದು ಹಿಡಿಸುತ್ತಿರಲಿಲ್ಲ. ಆದರೆ ಅವನ ಮುಖ ನೋಡಿದರೆ ಬೈಯಲೂ ಆಗುತ್ತಿರಲಿಲ್ಲ. ಆಗಲಿ, ಮದುವೆ ಮಾಡಿಕೊಳ್ಳುವುದಾದರೆ ಮಾಡಿಕೊಳ್ಳಲಿ ಎಂದುಕೊಂಡು ಸುಮ್ಮನಿದ್ದೆ.

ಮೊದಲು ತೊಡೆ ನೋವು ಎಂದ. ದಿನವಿಡೀ ನಿಲ್ಲುವವನಿಗೆ ನೋಯದೆ ಇರುತ್ತದೆಯೇ ಎಂದು ಎಣ್ಣೆ ತಿಕ್ಕಿದೆ. ಆಮೇಲೆ ತೋಳು, ಬೆನ್ನು. ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರ್ ಕೈ ಹಿಡಿದು ಎಳೆಯಬೇಕಾಯಿತಂತೆ. ಒಂದು ಬೆಳಿಗ್ಗೆ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದು, "ಅಕ್ಕ, ಉಚ್ಚೆ ಕಾಫಿ ಡಿಕಾಕ್ಷನ್ ಥರ ಹೋಗ್ತಿದೆ" ಎಂದ. ಪಕ್ಕದವರ ಆಟೋದಲ್ಲಿ ಎತ್ತಿ ಹಾಕಿಕೊಂಡು ಹೋದೆವು.

ನಮ್ಮ ಆಸ್ಪತ್ರೆಯಲ್ಲಿ ಒಂದು ತಾಳೆ ಕೊಠಡಿ ಇದೆ. ಒಬ್ಬರ ಮೈಯಲ್ಲಿ ಸೇರಿದ ಮದ್ದುಗಳು ಒಂದಕ್ಕೊಂದು ಕೂಡಿ ಬರುತ್ತವೆಯೋ, ಕಚ್ಚಾಡುತ್ತವೆಯೋ ಎಂದು ಅಲ್ಲಿ ಕೂತವರು ತಾಳೆ ನೋಡುತ್ತಾರೆ. ಅಲ್ಲಿಯ ಹಿರಿಯರು ವಸುಪಾಲಯ್ಯನವರು. ಒಳ್ಳೆಯ ಮನುಷ್ಯ, ನಾನು ಇಲ್ಲವೆನ್ನುವುದಿಲ್ಲ. ನೀರು ಕೊಡಿಸಿದರು, ಕೂರಿಸಿ ಕೇಳಿದರು. ಮಾತ್ರೆ ಎಷ್ಟು ದೊಡ್ಡದು, ಯಾವಾಗಿನಿಂದ, ಊಟಕ್ಕೆ ಮುಂಚೆಯೋ ಆಮೇಲೋ, ಈಚೆಗೆ ಬದಲಾಯಿಸಿದ್ದಿದೆಯೋ. ಎಲ್ಲ ಹೇಳಿದೆ.

"ಮತ್ತೇನು?" ಎಂದರು.

"ಮತ್ತೇನೂ ಇಲ್ಲ ಸಾರ್."

"ಇರಲೇಬೇಕು ಜಯಶೀಲಮ್ಮ. ಮೂಳೆ ಮೇಲಿನ ಮಾಂಸ ಕರಗ್ತಾ ಇದೆ, ಅದು ಕಿಡ್ನಿಗೆ ಹೋಗಿ ಕಟ್ಕೊಳ್ತಾ ಇದೆ. ಈ ಮಾತ್ರೆ ಇಷ್ಟು ವರ್ಷ ತೆಪ್ಪಗಿದ್ದಿದ್ದು ಈಗ ಯಾಕೆ ತಿರುಗಿ ಬೀಳುತ್ತೆ? ಇನ್ನೊಂದು ಯಾವುದೋ ಇದರ ಜೊತೆ ಸೇರಿದೆ. ಅದು ಯಾವುದು ಅಂತ ಗೊತ್ತಾದ್ರೆ ಅದನ್ನ ನಿಲ್ಲಿಸಿ ಉಳಿಸ್ಕೋಬಹುದು."

"ಹಂಗಾದ್ರೆ ಈ ಕೊಬ್ಬಿನ ಮಾತ್ರೇನೂ ನಿಲ್ಲಿಸಿಬಿಡಿ ಸಾರ್."

"ನಿಲ್ಲಿಸಿದ್ರೆ ಅವರ ಎದೆ ಗತಿ ಏನಮ್ಮ? ಗೊತ್ತಿರೋ ಮಾತ್ರೆ ಬಿಟ್ಟು ಗೊತ್ತಿಲ್ಲದ್ದನ್ನ ಒಳಗೆ ಇಟ್ಕೊಳ್ಳೋಕಾಗುತ್ತಾ?"

ಇನ್ನೊಂದು ಇದೆ ಎಂದರೆ, ನಾನು ನೋಡದೆ ಅವನು ನುಂಗಿದ್ದಾನೆ ಎಂದು ಅರ್ಥ. ಇಲ್ಲವೇ ನಾನು ಮುಚ್ಚಿಡುತ್ತಿದ್ದೇನೆ ಎಂದು ಅರ್ಥ. ಕೊಠಡಿಯಲ್ಲಿದ್ದ ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಹೆಸರು ಹೇಳಿಸುವ ಪರೀಕ್ಷೆ. ಒಬ್ಬ ನರ್ಸು ಮಂಚದ ಪಕ್ಕ ಕೂತು ಇದ್ದಬದ್ದ ಮದ್ದುಗಳ ಹೆಸರನ್ನೆಲ್ಲ ಓದುವುದು, ರೋಗಿ ತಿರುಗಿ ಹೇಳುವುದು. ಎಲ್ಲಿ ನಾಲಿಗೆ ನಿಲ್ಲುತ್ತದೋ ಅದು ಒಳಗಿದೆ. ಪಾಲಾಕ್ಷ ಮಲಗಿದ್ದಲ್ಲೇ ಶುರು ಮಾಡಿದ. ಒಂದೊಂದೂ ಮೊಳದುದ್ದ ಹೆಸರು, ಅವನು ಬಸ್ಸಿನ ಹೆಸರು ಕೂಗುವ ಹಾಗೇ ರಾಗ ಎಳೆದು ಹೇಳಿದ. ಪಕ್ಕದ ಮಂಚದವರೆಲ್ಲ ನಕ್ಕರು. "ರೈಟ್ ರೈಟ್!" ಎಂದ ಒಬ್ಬ ಮುದುಕ. ಎರಡು ದಿನ ಹೇಳಿಸಿದರು. ಗಂಟಲು ಒಡೆಯಿತು, ಕೊನೆಕೊನೆಗೆ ಪಿಸುಗುಟ್ಟುತ್ತಿದ್ದ. ನಾಲಿಗೆ ನಿಂತದ್ದು ಒಂದೇ ಕಡೆ, ನಾನು ಕೊಡುತ್ತಿದ್ದ ಕೊಬ್ಬಿನ ಮಾತ್ರೆಯ ಹೆಸರಿನಲ್ಲಿ.

ನನಗೆ ಹೋದ ಜೀವ ಬಂದಂತಾಯಿತು. "ನೋಡಿದ್ರಾ? ನಾನು ಹೇಳಿದ್ದೇ ಸರಿ" ಎಂದೆ. ವಸುಪಾಲಯ್ಯನವರು ತಲೆ ಅಲ್ಲಾಡಿಸಿದರು. "ಹೆಸರಿಲ್ಲದ ಮದ್ದೂ ಇರುತ್ತಲ್ಲಮ್ಮ. ಏನು ಅಂತ ಹೇಳದೆ ಕೊಟ್ಟಿದ್ದು. ಪುಡಿ, ಬೇರು, ಅಂಥದ್ದು. ಅವರು ಬೇರೆ ಎಲ್ಲಾದ್ರೂ ಕೂತು ತಿನ್ನೋ ಅಭ್ಯಾಸ ಇದೆಯಾ?"

ನಾನು ಹೇಳುವ ಮೊದಲೇ ನರ್ಸಮ್ಮ ದಾಕ್ಷಾಯಿಣಿಯ ಹೆಸರು ಹೇಳಿದಳು. ಊರಿಗೆಲ್ಲ ಗೊತ್ತಿತ್ತು. ಕೈಮದ್ದು ಹಾಕಿದ್ದಾಳೆ, ಅದಕ್ಕೇ ಅವನು ದಿನಾ ಸಂಜೆ ಅಲ್ಲಿಗೆ ಓಡುತ್ತಾನೆ ಎಂದು ಜಗಲಿಯಲ್ಲಿ ಕೂತವರೆಲ್ಲ ಮಾತಾಡಿಕೊಂಡರು. ನನ್ನ ತಲೆ ಕೆಟ್ಟುಹೋಯಿತು. ಸೀದಾ ಅವಳ ಮನೆಗೆ ಹೋದೆ. ಅಳತೆ ಕೊಡಲು ಬಂದ ಹೆಂಗಸರ ಮುಂದೆಯೇ ಬಾಯಿಗೆ ಬಂದಂತೆ ಬೈದೆ. "ನನ್ನ ತಮ್ಮನಿಗೆ ಏನೇ ತಿನ್ನಿಸಿದೆ? ಅವನು ಸಾಯ್ತಾ ಬಿದ್ದಿದಾನೆ, ಬಂದು ಬೊಗಳು!" ಅವಳು ಕತ್ತರಿ ಕೆಳಗಿಟ್ಟು, ಚಪ್ಪಲಿಯನ್ನೂ ಹಾಕಿಕೊಳ್ಳದೆ ನನ್ನ ಹಿಂದೆ ಓಡಿಬಂದಳು.

ತಾಳೆ ಕೊಠಡಿಯಲ್ಲಿ ನಿಂತು ಅವಳು ಅತ್ತಳು. "ದೇವರಾಣೆ ಸಾರ್, ನಾನು ಏನೂ ಕೊಟ್ಟಿಲ್ಲ. ನಾನು ಅವರ ಬಾಯಿ ಅಲ್ಲ, ಆಗೋಕೂ ಹೋಗಿಲ್ಲ. ಜಯಕ್ಕ ಇದಾರೆ ಅಂತ ನಂಗೊತ್ತಿಲ್ವಾ? ಬರೀ ಚಕ್ಕೋತ ಕೊಟ್ಟಿದ್ದು. ನಮ್ಮ ಹಿತ್ತಲದ್ದು."

"ಚಕ್ಕೋತದ ಮೇಲೆ ಏನಾದ್ರೂ ಹಾಕಿದ್ದಾ?"

"ಉಪ್ಪು ಖಾರ. ನಾನೂ ಅದೇ ತಟ್ಟೇಲಿ ತಿಂದಿದೀನಿ ಸಾರ್."

ಅವಳನ್ನು ವಾರ್ಡಿಗೆ ಕರೆದುಕೊಂಡು ಹೋದರು. ವಸುಪಾಲಯ್ಯನವರು ಪಾಲಾಕ್ಷನ ಭುಜ ಮುಟ್ಟಿ, "ಇವರ ಮನೇಲಿ ತಿಂದಿದ್ದು ಏನು, ಹೇಳಿ ನೋಡೋಣ" ಎಂದರು. ಅವನಿಗೆ ಏಳಲು ಆಗುತ್ತಿರಲಿಲ್ಲ. ಅತ್ತು ಕೆಂಪಾದ ಅವಳ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ, ಏನು ನಡೆಯುತ್ತಿದೆ ಎಂದು ಅವನಿಗೆ ತಿಳಿಯಿತು. ಗಂಟಲಲ್ಲಿ ಉಳಿದದ್ದನ್ನೆಲ್ಲ ಒಟ್ಟುಗೂಡಿಸಿ, ವಾರ್ಡಿಗೆ ವಾರ್ಡೇ ಕೇಳುವ ಹಾಗೆ ಕೂಗಿದ. "ಚಕ್ಕೋತ! ಚಕ್ಕೋತ! ಚಕ್ಕೋತ! ಚಕ್ಕೋತ, ಉಪ್ಪು, ಖಾರದಪುಡಿ!"

ಎಲ್ಲರೂ ನಕ್ಕುಬಿಟ್ಟರು. ಅವಳೂ ಅಳುತ್ತಲೇ ನಕ್ಕಳು. ನನಗಂತೂ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಾಲಿಗೆಯೇ ಹೇಳಿದ ಮೇಲೆ ಇನ್ನೇನು? ವಸುಪಾಲಯ್ಯನವರು, "ಬರೀ ಹಣ್ಣು ತಾನೇ, ಹೋಗಮ್ಮ" ಎಂದು ಅವಳನ್ನು ಕಳಿಸಿದರು. ನಾನು ಬಾಗಿಲವರೆಗೂ ಹೋಗಿ ಅವಳ ಕೈ ಹಿಡಿದುಕೊಂಡು, "ತಪ್ಪು ತಿಳ್ಕೋಬೇಡ ಕಣಮ್ಮ, ಸಂಕಟಕ್ಕೆ ಅಂದೆ" ಎಂದೆ. ಅವಳು ಕಣ್ಣೊರೆಸಿಕೊಂಡು, "ಅವರಿಗೆ ಬಾಯಿ ಒಣಗುತ್ತೆ ಅಂತಿದಾರೆ ಜಯಕ್ಕ, ರಸ ತೆಗೆದು ಕಳಿಸ್ಲಾ?" ಎಂದಳು. ನಾನು, "ಕಳಿಸು, ನಾನೇ ಕುಡಿಸ್ತೀನಿ" ಎಂದೆ.

ಕುಡಿಸಿದೆ. ಅನ್ನ ಸೇರುತ್ತಿರಲಿಲ್ಲ, ಗಂಜಿ ಕಂಡರೆ ವಾಕರಿಕೆ. ಚಕ್ಕೋತದ ರಸ ಒಂದೇ ಒಳಗೆ ಇಳಿಯುತ್ತಿತ್ತು. ದಿನಾ ಬೆಳಿಗ್ಗೆ ಅವಳು ತಣ್ಣಗಿನ ಚೆಂಬಿನಲ್ಲಿ ತಂದು ಗೇಟಿನ ಹತ್ತಿರ ಕೊಟ್ಟು ಹೋಗುತ್ತಿದ್ದಳು. ನಾನು ಅವನ ತಲೆ ಎತ್ತಿ ಹಿಡಿದು ಲೋಟದಿಂದ ಗುಟುಕು ಗುಟುಕಾಗಿ ಕುಡಿಸುತ್ತಿದ್ದೆ. ಊಟದ ಹೊತ್ತಿಗೆ ಮಾತ್ರೆ. ನಾಲಿಗೆ ಎತ್ತು ಎಂದರೆ ಎತ್ತುತ್ತಿದ್ದ. ಅವನ ತೊಡೆ ನನ್ನ ತೋಳಿನಷ್ಟಾಯಿತು, ಮುಖ ಊದಿತು, ಉಚ್ಚೆ ಪೂರ್ತಿ ಕಟ್ಟಿತು. ಅತ್ತ ತಾಳೆ ಕೊಠಡಿಯಲ್ಲಿ ಅವರು ಹೆಸರಿಲ್ಲದ ಮದ್ದನ್ನು ಹುಡುಕುತ್ತಲೇ ಇದ್ದರು. ಬಸ್ ಸ್ಟ್ಯಾಂಡಿನ ಬೀಡಾ ಅಂಗಡಿಯವನನ್ನು ಕರೆಸಿದರು, ಕಂಡಕ್ಟರನ್ನು ಕರೆಸಿದರು, ಸತ್ತುಹೋಗಿದ್ದ ನಾಟಿ ವೈದ್ಯನ ಮನೆಯನ್ನೂ ಬಿಡಲಿಲ್ಲ. ರೋಗಿಯ ಹತ್ತಿರ ಮಾತ್ರ ಆಮೇಲೆ ಯಾರೂ ಹೋಗಲಿಲ್ಲ. ಯಾಕೆ ಹೋಗುತ್ತಾರೆ? ನಾಲಿಗೆಯ ಪರೀಕ್ಷೆ ಮುಗಿದ ಮೇಲೆ ನಮ್ಮೂರಲ್ಲಿ ರೋಗಿಯನ್ನು ಯಾರೂ ಏನೂ ಕೇಳುವುದಿಲ್ಲ.

ಕೊನೆಗೆ ವಸುಪಾಲಯ್ಯನವರು ಸೋತು, ದೊಡ್ಡೂರಿನ ಒಬ್ಬ ಮೇಡಮ್ಮಿಗೆ ಫೋನು ಹಚ್ಚಿದರು. ಆಕೆಗೂ ಅದೇ ಕೆಲಸವಂತೆ, ಮದ್ದಿಗೂ ಮದ್ದಿಗೂ ತಾಳೆ ನೋಡುವುದು. ಬಾಯಾದವಳು ಎದುರಿಗಿರಲಿ ಎಂದು ನನ್ನನ್ನೂ ಕರೆಸಿಕೊಂಡು, ನನಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟರು. ಆಕೆ ಆರಾಮವಾಗಿ ಕೇಳುತ್ತಾ ಹೋದಳು. ವಯಸ್ಸೆಷ್ಟು, ತೂಕವೆಷ್ಟು, ಮಾತ್ರೆಯ ಪ್ರಮಾಣ, ಮೊದಲು ಲಿವರ್ ತೊಂದರೆ ಇತ್ತೇ, ಕುಡಿಯುತ್ತಿದ್ದರೇ, ನೋವು ಶುರುವಾದದ್ದು ಯಾವಾಗ, ಅದಕ್ಕೆ ಸ್ವಲ್ಪ ಮುಂಚೆ ಬದಲಾದದ್ದು ಏನು. ವಸುಪಾಲಯ್ಯನವರು ಎಲ್ಲಕ್ಕೂ ಉತ್ತರ ಕೊಟ್ಟರು.

"ಊಟ ತಿಂಡೀಲಿ ಹೊಸದೇನಾದ್ರೂ ಸೇರಿತ್ತಾ ಸರ್? ಕಷಾಯ, ಸೊಪ್ಪು, ಹಣ್ಣು?"

"ಅದೆಲ್ಲ ಇಲ್ಲಿ ಬರಲ್ಲ ಮೇಡಮ್. ನಾವು ಮದ್ದು ಮಾತ್ರ ನೋಡೋದು."

"ರೋಗೀನ ಕೇಳಿದ್ರಾ?"

"ರೋಗಿಗೆ ಹೇಳೋಕೆ ಬರಲ್ಲ ಅಂದೆನಲ್ಲ."

ಆಕೆ, "ಹೇಳೋಕೆ ಬರೋದನ್ನ ಕೇಳಿದ್ರಾ ಸರ್?" ಎಂದಳು.

ನಾನು ಆಗತಾನೇ ಅವನಿಗೆ ರಸ ಕುಡಿಸಿ ಬಂದಿದ್ದೆ. ಬೆರಳು ಇನ್ನೂ ಅಂಟಂಟಾಗಿತ್ತು. "ಚಕ್ಕೋತ ತಿಂತಾನಮ್ಮ," ಎಂದೆ, "ದಿನಾ ತಿಂತಾನೆ. ಈಗ ರಸ ಕುಡಿಸ್ತಿದೀನಿ."

"ಈಗಲೂ? ಆ ಮಾತ್ರೆ ಜೊತೆ?"

"ಹೂಂ."

ಆಕೆ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮೆಲ್ಲಗೆ ಬಿಡಿಸಿ ಹೇಳಿದಳು. ನುಂಗಿದ ಆ ಮಾತ್ರೆಯಲ್ಲಿ ಬಹುಪಾಲನ್ನು ಕರುಳೇ ಅರೆದು ಕರಗಿಸಿ, ಮೈಗೆ ಬೇಕಾದಷ್ಟನ್ನು ಮಾತ್ರ ಒಳಗೆ ಬಿಡುತ್ತದಂತೆ. ಚಕ್ಕೋತ ಒಳಗೆ ಹೋದರೆ ಹಾಗೆ ಅರೆಯುವುದು ನಿಂತುಹೋಗುತ್ತದಂತೆ. ಆಗ ಒಂದು ಮಾತ್ರೆ ನುಂಗಿದರೂ ಹತ್ತು ನುಂಗಿದ ಹಾಗೆ ಮೈಯಲ್ಲಿ ಸೇರುತ್ತದೆ, ಮಾಂಸ ಕರಗಲು ಶುರುವಾಗುತ್ತದೆ. ಹಣ್ಣು ಮದ್ದಲ್ಲ, ಆದರೆ ಮದ್ದನ್ನು ವಿಷ ಮಾಡಲು ಅದು ಮದ್ದೇ ಆಗಿರಬೇಕಾಗಿಲ್ಲ ಎಂದಳು. "ಎರಡನ್ನೂ ಈಗಲೇ ನಿಲ್ಲಿಸಿ. ರಕ್ತ ತೊಳೆಯೋ ಯಂತ್ರ ಇರೋ ಕಡೆ ಸಾಗಿಸೋಕಾದ್ರೆ ಸಾಗಿಸಿ. ಇವರು ಆಸ್ಪತ್ರೆಗೆ ಬಂದ ದಿನವೇ ಗೊತ್ತಾಗಿದ್ರೆ…" ಎಂದು ಅಲ್ಲಿಗೇ ಬಿಟ್ಟಳು.

ವಸುಪಾಲಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೂತರು. "ಅವರೇ ಕೂಗಿ ಕೂಗಿ ಹೇಳಿದ್ರಲ್ಲಮ್ಮ" ಎಂದರು. ನನಗೆ ಅವರನ್ನು ಹಿಡಿದು ಹೊಡೆಯಬೇಕೆನ್ನಿಸಿತು. ಆದರೆ ಹೊಡೆಯಲು ನಾನು ಯಾರು? ಅವನು ಕೂಗಿದಾಗ ನಾನೂ ಅಲ್ಲೇ ಇದ್ದೆ. ಅಂದಹಾಗೆ, ಇದರಿಂದ ಊರು ಬುದ್ಧಿ ಕಲಿಯಿತು ಎಂದುಕೊಳ್ಳಬೇಡಿ. ಹೇಳಲು ಬರುವುದನ್ನೆಲ್ಲ ಬರೆದುಕೊಳ್ಳುತ್ತಾ ಕೂತರೆ ಉಪ್ಪು ಹುಳಿಯಿಂದ ಶುರು ಮಾಡಬೇಕಾಗುತ್ತದೆ, ಅದೆಲ್ಲ ಆಗದ ಹೋಗದ ಕೆಲಸ ಎಂದು ಕೊಠಡಿಯ ಉಳಿದವರು ತಳ್ಳಿಹಾಕಿದರು. ಇವತ್ತಿಗೂ ಅಲ್ಲಿ ಬಾಯಾದವರನ್ನೇ ಕೇಳುತ್ತಾರೆ.

ಎರಡನ್ನೂ ನಿಲ್ಲಿಸಿದರು, ಬಾಟಲಿಯ ಮೇಲೆ ಬಾಟಲಿ ನೀರು ಏರಿಸಿದರು. ಯಂತ್ರ ನಮ್ಮಲ್ಲಿ ಇಲ್ಲ. ಎದೆಬಡಿತ ಸ್ವಲ್ಪ ಹಿಡಿತಕ್ಕೆ ಬಂದರೆ ದೊಡ್ಡೂರಿಗೆ ಕಳಿಸುತ್ತೇವೆ, ಈಗ ಎತ್ತಿದರೆ ದಾರಿಯಲ್ಲೇ ಹೋಗುತ್ತಾರೆ ಎಂದರು. ಒಂದು ಹನಿ ಉಚ್ಚೆ ಇಳಿದರೂ ಸಾಕು ಎಂದು ನಾನು ಮಂಚಕ್ಕೆ ಕಟ್ಟಿದ್ದ ಉಚ್ಚೆ ಚೀಲವನ್ನೇ ನೋಡುತ್ತಾ ಕೂತೆ. ಇಳಿಯಲಿಲ್ಲ.

ಬೆಳಿಗ್ಗೆ ದಾಕ್ಷಾಯಿಣಿ ಚೆಂಬು ಹಿಡಿದುಕೊಂಡು ಬಂದಳು. ಈ ಸಲ ಗೇಟು ದಾಟಿ ವಾರ್ಡಿನ ಬಾಗಿಲಿಗೇ ಬಂದಿದ್ದಳು. ಹೊಸದಾಗಿ ಹಣ್ಣು ಕಿತ್ತಿದ್ದಳೆಂದು ಕಾಣುತ್ತದೆ, ಸೆರಗಿನ ತುಂಬ ಎಲೆಯ ಚೂರು. ನಾನು ಅವಳಿಗೆ ಏನು ಹೇಳಲಿ? ನೀನು ಬೀಜ ತೆಗೆದು ತೊಳೆ ತೊಳೆ ಕೊಟ್ಟದ್ದೇ ಅವನನ್ನು ತಿಂದಿತು ಎನ್ನಲೇ? ಅವಳು ಆಮೇಲೆ ಹೇಗೆ ಬದುಕುತ್ತಾಳೆ, ಅದೇ ಹಿತ್ತಲಲ್ಲಿ, ಅದೇ ಮರದ ಕೆಳಗೆ? ನನಗೆ ಬೇರೆ ದಾರಿ ತೋಚಲಿಲ್ಲ.

"ಇನ್ಮೇಲೆ ಇಲ್ಲಿಗೆ ಬರಬೇಡ" ಎಂದೆ.

"ಯಾಕೆ ಜಯಕ್ಕ?"

"ಯಾಕೆ ಅಂತ ಬೇರೆ ಕೇಳ್ತೀಯಾ? ಮದುವೆನಾ ಮುಂಜಿನಾ, ನೀನ್ಯಾರೇ ಅವನಿಗೆ? ಜನ ಆಡ್ಕೊಳ್ಳೋದು ಸಾಕಾಗಿದೆ ನಂಗೆ. ನಿನ್ನ ಚೆಂಬೂ ಬೇಡ, ನೀನೂ ಬೇಡ, ನಡಿ!"

ಅವಳು ನಿಂತು ನೋಡಿದಳು, ಆಮೇಲೆ ಚೆಂಬನ್ನು ಸೆರಗಿನಿಂದ ಮುಚ್ಚಿಕೊಂಡು ಹೊರಟುಹೋದಳು.

ಒಳಗೆ ಬಂದರೆ ಪಾಲಾಕ್ಷ ಕಣ್ಣು ಬಿಟ್ಟುಕೊಂಡಿದ್ದ. ತುಟಿ ಸೀಳಿತ್ತು.

"ದಾಕ್ಷಾಯಿಣಿ ಬಂದಿದ್ಲಾ?"

"ಬಂದಿದ್ಲು."

"ನೀನು ಅಂದಿದ್ದೆಲ್ಲ ಕೇಳಿಸ್ತು ಅಕ್ಕ." ಉಸಿರು ಎಳೆದುಕೊಂಡು ಮತ್ತೆ, "ಚಕ್ಕೋತ ತಂದಿದ್ಲಲ್ಲ. ಒಂದು ಗುಟುಕು ಕೊಡೆ" ಎಂದ.

"ಇಲ್ಲ ಕಣೋ. ನೀರು ಕುಡಿ."

"ನೀರು ಬೇಡ. ಒಂದೇ ಗುಟುಕು, ಅವಳನ್ನ ಕೂಗು."

"ಕೂಗಲ್ಲ."

ಅವನು ನನ್ನನ್ನೇ ನೋಡಿದ. ನಾನು ಯಾವ ಮದ್ದೂ ನುಂಗಿರಲಿಲ್ಲ, ನನ್ನ ನಾಲಿಗೆಯನ್ನು ಯಾರೂ ಕಟ್ಟಿರಲಿಲ್ಲ. ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಹೇಳಿದ್ದರೆ, ಅವಳು ಬಿಡಿಸಿ ಕೊಟ್ಟ ಒಂದೊಂದು ತೊಳೆಯೂ ಅವನ ಕಣ್ಣ ಮುಂದೆ ಬರುತ್ತಿತ್ತು. ಅವನಿಗೆ ಬದುಕಿನಲ್ಲಿ ಸಿಕ್ಕಿದ್ದೇ ಆ ಸಂಜೆಗಳು. ಅವನ್ನೂ ಕಿತ್ತುಕೊಂಡು ಕಳಿಸಲೇ? ಇನ್ನೂ ಉಳಿದಾನು ಎಂಬ ಆಸೆಯೂ ಒಂದಿಷ್ಟು ಇತ್ತು, ಉಳಿದರೆ ಆಮೇಲೆ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡೆ.

"ಅವಳ ಮೇಲೆ ಇಷ್ಟೊಂದು ಹೊಟ್ಟೆಕಿಚ್ಚಾ ಅಕ್ಕ ನಿಂಗೆ?" ಎಂದ.

"ಹೂಂ ಕಣೋ," ಎಂದೆ. "ಹೊಟ್ಟೆಕಿಚ್ಚೇ."

ಅವನು ಕಷ್ಟಪಟ್ಟು ಗೋಡೆಯ ಕಡೆ ತಿರುಗಿಕೊಂಡ. ಆಮೇಲೆ ನಾನು ಎಷ್ಟು ಕರೆದರೂ ಮಾತಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನರ್ಸು ಬಂದು ಅವನ ಕೈ ಹಿಡಿದು ನೋಡಿ, ಡಾಕ್ಟರನ್ನು ಕರೆಯಲು ಹೋದಳು. ಅವನ ಮುಖ ಇನ್ನೂ ಗೋಡೆಯ ಕಡೆಗೇ ಇತ್ತು.